ಸಂದರ್ಶನವೂ ಸುತ್ತುಗಳೂ: ಉದ್ಯೋಗಾರ್ಥಿಯ ಕಡೆಯಿಂದ ಒಂದು ವಿವೇಚನೆ

‘ಸಂದರ್ಶನ’ ಎಂಬ ಪದವು ಕನ್ನಡಕ್ಕೆ ಸಂಸ್ಕೃತದಿಂದ ಬಂದುದು. ‘ದರ್ಶನ’ವೆಂದರೆ ನೋಟ, ‘ಸಂ’ ಎಂಬ ಉಪಸರ್ಗ ಸೇರಿದಾಗ ಚೆನ್ನಾಗಿ ನೋಡುವುದು, ಎದುರಾಗಿ ಕಾಣುವುದು ಎಂಬ ಅರ್ಥ ಬರುತ್ತದೆ. ಗುರುಹಿರಿಯರ, ಅರಸರ, ದೇವರ ಭೇಟಿಗೆ ಸಲ್ಲುತ್ತಿದ್ದ ಈ ಮಾತು ಪತ್ರಿಕೆಗಳೂ ಕಚೇರಿಗಳೂ ಬೆಳೆದ ಕಾಲದಲ್ಲಿ ‘ಇಂಟರ್‌ವ್ಯೂ’ ಎಂಬುದಕ್ಕೆ ಸಂವಾದಿಯಾಗಿ ನೆಲೆಗೊಂಡಿತು. ಆ ಇಂಗ್ಲಿಷ್ ಪದದ ಮೂಲದಲ್ಲಿರುವ ಫ್ರೆಂಚ್ ಮಾತಿಗೂ ‘ಪರಸ್ಪರ ಕಾಣುವುದು’ ಎಂಬುದೇ ಅರ್ಥ. ಎರಡು ದೂರದ ಭಾಷೆಗಳು ಒಂದೇ ಭಾವವನ್ನು ಹಿಡಿದಿವೆ: ನೋಟವು ಇಬ್ಬರದು, ಕೆಲಸ ಕೊಡುವವನು ಕೇಳುವವನನ್ನು ನೋಡುವಂತೆಯೇ ಕೇಳುವವನೂ ಕೊಡುವವನನ್ನು ನೋಡುತ್ತಾನೆ.

ಈ ಪದದೊಡನೆ ಈಚಿನ ದಶಕಗಳಲ್ಲಿ ‘ಸುತ್ತು’ ಎಂಬ ಅಚ್ಚಗನ್ನಡ ಪದವೊಂದು ಸೇರಿಕೊಂಡಿದೆ. ಹಗ್ಗದ ಸುತ್ತು, ಪ್ರದಕ್ಷಿಣೆಯ ಸುತ್ತು, ಸುತ್ತಿ ಬಳಸಿ ಆಡುವ ಮಾತು, ತಲೆಸುತ್ತು ಎಂಬ ಬಳಕೆಗಳ ಸಾಲಿಗೆ ‘ಮೂರನೆಯ ಸುತ್ತಿನ ಸಂದರ್ಶನ’ವೂ ಬಂದು ನಿಂತಿದೆ. ಚಿತ್ರದುರ್ಗದ ಕೋಟೆಯನ್ನು ಏಳು ಸುತ್ತಿನ ಕೋಟೆಯೆಂದು ಹೊಗಳುವುದು ವಾಡಿಕೆ. ಅಲ್ಲಿ ಸುತ್ತುಗಳಿದ್ದುದು ಬರುವವರನ್ನು ಹೊರಗಿಡುವುದಕ್ಕೆ. ಉದ್ಯೋಗ ಸಂದರ್ಶನದ ಸುತ್ತುಗಳಿರುವುದು ಒಳಗೆ ಕರೆದುಕೊಳ್ಳತಕ್ಕವರನ್ನು ಗುರುತಿಸುವುದಕ್ಕೆ ಎಂದು ಭಾವಿಸಲಾಗಿದೆ. ಆ ಭಾವನೆ ಎಷ್ಟರಮಟ್ಟಿಗೆ ನಿಜ ಎಂಬುದು ಇಲ್ಲಿ ವಿಚಾರಕ್ಕೆ ಎತ್ತಿಕೊಂಡ ಪ್ರಶ್ನೆ. ಕನ್ನಡವನ್ನು ಮುಖ್ಯ ವಿಷಯವಾಗಿ ಓದಿ, ಗಡಿಯ ಈಚೆಯಿಂದ ಆಚೆಗೆ ಕೆಲಸ ಹುಡುಕಿಕೊಂಡು ಹೋಗುವ ಪದವೀಧರರಿಗೆ ಇದು ಬರಿಯ ಶಬ್ದಚರ್ಚೆಯಲ್ಲ.

ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಅನುಕೂಲ. ಇದು ಯಾರೊಬ್ಬರ ಚರಿತ್ರೆಯೂ ಅಲ್ಲ. ಉದ್ಯೋಗ ಅರಸಿ ಹೋದವರ ಅನುಭವಗಳ ಸಾಮಾನ್ಯ ಲಕ್ಷಣಗಳನ್ನು ಕೂಡಿಸಿ ಮಾಡಿಕೊಂಡ ನಿದರ್ಶನ. ಮಂಜೇಶ್ವರ ತಾಲೂಕಿನ ಒಬ್ಬ ಅಭ್ಯರ್ಥಿನಿ. ಮನೆಮಾತು ತುಳು, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪದವಿಯಲ್ಲಿ ಕನ್ನಡವೇ ಮುಖ್ಯ ವಿಷಯ, ಪೇಟೆಯಲ್ಲಿ, ಸರಕಾರಿ ಕಚೇರಿಗಳಲ್ಲಿ ಮಲಯಾಳ. ಬೆಂಗಳೂರಿನ ಒಂದು ನೇಮಕಾತಿ ಸಂಸ್ಥೆ, ಎಂದರೆ ಬೇರೆ ಕಂಪೆನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವುದನ್ನೇ ವ್ಯಾಪಾರವಾಗಿ ನಡೆಸುವ ಸಂಸ್ಥೆ, ತನ್ನದೇ ಕಚೇರಿಗೆ ಕನ್ನಡ ಬಲ್ಲ ಸಹಾಯಕರು ಬೇಕೆಂದು ಪ್ರಕಟಣೆ ಕೊಟ್ಟಿದೆ. ಕೆಲಸವೆಂದರೆ ಕರ್ನಾಟಕದ ಬೇರೆ ಬೇರೆ ಜಿಲ್ಲೆಗಳ ಉದ್ಯೋಗಾರ್ಥಿಗಳಿಗೆ ಫೋನು ಮಾಡಿ, ಅವರ ಓದು, ಅನುಭವ, ಬಯಸುವ ಸಂಬಳ ವಿಚಾರಿಸಿ, ತಕ್ಕ ಕಂಪೆನಿಗೆ ಹೆಸರು ಸೂಚಿಸುವುದು. ಇಂಥ ಕೆಲಸಕ್ಕೆ ಇಂಥ ಅಭ್ಯರ್ಥಿ ಅನರ್ಹಳೆಂದು ಯಾರೂ ಹೇಳಲಾರರು.

ಮೊದಲ ಸುತ್ತು ಫೋನಿನಲ್ಲಿ. ಹೆಸರು, ಊರು, ಅಂಕ, ನಿರೀಕ್ಷಿಸುವ ಸಂಬಳ. ಎರಡನೆಯದು ಕಂಪ್ಯೂಟರಿನಲ್ಲಿ: ಇಂಗ್ಲಿಷ್ ವ್ಯಾಕರಣ, ಶೇಕಡಾವಾರು ಲೆಕ್ಕ, ಆಕೃತಿಗಳ ಸರಣಿ. ಮೂರನೆಯದು ಗುಂಪುಚರ್ಚೆ, ಎಂಟು ಜನ ಒಂದೇ ಪರದೆಯ ಮೇಲೆ, ಯಂತ್ರಬುದ್ಧಿ ವರವೋ ಶಾಪವೋ ಎಂಬ ವಿಷಯ. ಮಳೆಗಾಲದ ಕರೆಂಟಿನ ದಯೆಯಿಂದ ಅವಳ ಪಾಲಿಗೆ ಬಂದದ್ದು ಎರಡು ವಾಕ್ಯ. ನಾಲ್ಕನೆಯದು ಮನೆಪಾಠ. ಒಂದು ಕಾರ್ಖಾನೆಯ ಉಗ್ರಾಣಕ್ಕೆ ಬೇಕಾದ ಮೇಲ್ವಿಚಾರಕರ ಹುದ್ದೆಗೆ ತಕ್ಕ ಹದಿನೈದು ಮಂದಿಯನ್ನು ಮೂರು ದಿನದೊಳಗೆ ಹುಡುಕಿ, ಪ್ರತಿಯೊಬ್ಬರ ಬಗ್ಗೆ ಟಿಪ್ಪಣಿ ಬರೆದು, ಫೋನ್ ಸಂಖ್ಯೆಯೊಡನೆ ಕಳುಹಿಸಬೇಕು. ಅವಳು ರಾತ್ರಿ ಕುಳಿತು ಹದಿನೈದೂ ಹೆಸರು ಕಳುಹಿಸಿದಳು. ಐದನೆಯ ಸುತ್ತಿಗೆ ಮಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ. ಹತ್ತು ಗಂಟೆಗೆ ಬರಹೇಳಿದವರು ಮೂರೂವರೆಗೆ ಒಳಗೆ ಕರೆದರು. ಎದುರಿಗಿದ್ದ ಅಧಿಕಾರಿ ಅವಳ ಅರ್ಜಿಯನ್ನು ಓದಿರಲಿಲ್ಲ. ಮೊದಲ ಸುತ್ತಿನ ಪ್ರಶ್ನೆಗಳನ್ನೇ ಮತ್ತೆ ಕೇಳಿ ಬರೆದುಕೊಂಡರು. ಆರನೆಯದು ಮುಖ್ಯಸ್ಥರೊಡನೆ, ಮತ್ತೆ ಪರದೆಯ ಮೇಲೆ, ಏಳೆಂಟು ನಿಮಿಷ. ಅವರ ಮುಖ್ಯ ಪ್ರಶ್ನೆ ಒಂದೇ, ಅದೂ ಇಂಗ್ಲಿಷಿನಲ್ಲಿ: ಕಾಸರಗೋಡು ಕೇರಳದಲ್ಲಿದೆಯಲ್ಲ, ಕನ್ನಡ ನಿಭಾಯಿಸಬಲ್ಲಿರಾ? ಬಲ್ಲೆನೆಂದು ಅವಳೂ ಇಂಗ್ಲಿಷಿನಲ್ಲಿಯೇ ಹೇಳಬೇಕಾಯಿತು. ಎರಡು ದಿನದಲ್ಲಿ ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಈ ಪ್ರಸಂಗದಲ್ಲಿ ಸಿಟ್ಟು ತರಿಸುವ ಸಂಗತಿಗಳು ಹಲವು. ಕಾಯಿಸಿದ್ದು, ಬಸ್ಸಿನ ಖರ್ಚು, ಕೂಲಿಯಿಲ್ಲದೆ ಮಾಡಿಸಿಕೊಂಡ ಕೆಲಸ ಇವೆಲ್ಲ ಎದ್ದು ಕಾಣುತ್ತವೆ. ಅಧ್ಯಯನದ ದೃಷ್ಟಿಗೆ ಹೆಚ್ಚು ಮುಖ್ಯವಾದುದು ಬೇರೊಂದಿದೆ. ಹುದ್ದೆಗೆ ಬೇಕಾದ ಪ್ರಧಾನ ಅರ್ಹತೆ ಕನ್ನಡ. ಆರು ಸುತ್ತುಗಳಲ್ಲಿ ಆರು ಬಗೆಯ ಜನರು, ಯಂತ್ರಗಳು ಅವಳನ್ನು ಪರೀಕ್ಷಿಸಿದರೂ ಒಬ್ಬರೂ ಅವಳೊಡನೆ ಕನ್ನಡದಲ್ಲಿ ಒಂದು ವಾಕ್ಯ ಆಡಲಿಲ್ಲ. ಅವಳ ಕನ್ನಡದ ಬಗ್ಗೆ ಬಂದ ಒಂದೇ ಪ್ರಶ್ನೆ ನಕಾಶೆಯನ್ನು ನೋಡಿ ಹುಟ್ಟಿದ್ದು.

ಸುತ್ತುಗಳು ಹೀಗೆ ಬೆಳೆಯುವುದೇಕೆ? ನೇಮಕಾತಿ ವ್ಯಾಪಾರದ ಹಣಕಾಸನ್ನು ತಿಳಿದರೆ ಉತ್ತರದ ಅರ್ಧ ಸಿಕ್ಕುತ್ತದೆ. ಇಂಥ ಸಂಸ್ಥೆಗೆ ಹಣ ಕೊಡುವವರು ಉದ್ಯೋಗಾರ್ಥಿಗಳಲ್ಲ, ಕೆಲಸಗಾರರನ್ನು ಕೇಳುವ ಕಂಪೆನಿಗಳು. ಒಬ್ಬರು ಕೆಲಸಕ್ಕೆ ಸೇರಿದರೆ ಅವರ ವಾರ್ಷಿಕ ಸಂಬಳದ ಒಂದು ಪಾಲು ಸಂಸ್ಥೆಗೆ ಸಲ್ಲುತ್ತದೆ. ಭಾರತದಲ್ಲಿ ಬಹುವಾಗಿ ಕೇಳಿಬರುವ ಶೇಕಡಾ 8.33 ಎಂಬ ದರವು ಹನ್ನೆರಡರಲ್ಲಿ ಒಂದು ಭಾಗ, ಎಂದರೆ ಒಂದು ತಿಂಗಳ ಸಂಬಳ. ಸೇರಿದವರು ಒಪ್ಪಂದದಲ್ಲಿ ಹೇಳಿದ ಅವಧಿಯೊಳಗೆ ಬಿಟ್ಟುಹೋದರೆ ಬದಲಿ ವ್ಯಕ್ತಿಯನ್ನು ಪುಕ್ಕಟೆ ಒದಗಿಸಬೇಕೆಂಬ ಷರತ್ತೂ ಸಾಮಾನ್ಯ. ಆದ್ದರಿಂದ ಸಂಸ್ಥೆಗೆ ಹೆಸರುಗಳ ದಾಸ್ತಾನು ದೊಡ್ಡದಿದ್ದಷ್ಟೂ ಲೇಸು. ಅಭ್ಯರ್ಥಿ ಅಲ್ಲಿ ಗಿರಾಕಿಯಲ್ಲ, ಸರಕು. ಸರಕಿಗೆ ಉತ್ತರ ಬರೆಯುವ ವಾಡಿಕೆ ಯಾವ ಅಂಗಡಿಯಲ್ಲಿಯೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ಕಟ್ಟಿದವರು ನೇಮಕಾತಿ ಸಂಸ್ಥೆಗಳನ್ನು ಕಂಡಿರಲಿಲ್ಲ. ಕಂಡಿದ್ದರೂ ಗಾದೆಯಲ್ಲಿ ತಿದ್ದಬೇಕಾದ್ದೇನೂ ಇರುತ್ತಿರಲಿಲ್ಲ.

ಉಳಿದರ್ಧ ಕಾರಣ ಹಣದ್ದಲ್ಲ, ಹೆದರಿಕೆಯದು. ಒಬ್ಬರೇ ಆರಿಸಿದ ವ್ಯಕ್ತಿ ಕೆಟ್ಟವನಾದರೆ ಹೊಣೆ ಆ ಒಬ್ಬರ ಮೇಲೆ ಬೀಳುತ್ತದೆ. ಆರು ಮಂದಿ ನೋಡಿ ಒಪ್ಪಿದ್ದರೆ ಹೊಣೆ ಆರು ಪಾಲಾಗಿ, ಯಾರ ಪಾಲೂ ಭಾರವೆನಿಸುವುದಿಲ್ಲ. ಸುತ್ತುಗಳು ಹೀಗೆ ತಿಳಿವಳಿಕೆಯನ್ನು ಕೂಡಿಸುವುದಕ್ಕಿಂತ ಜವಾಬ್ದಾರಿಯನ್ನು ಹಂಚುವುದಕ್ಕೆ ಹೆಚ್ಚು ಒದಗುತ್ತವೆ. ಐದನೆಯ ಸುತ್ತಿನವರು ಮೊದಲನೆಯ ಸುತ್ತಿನ ಪ್ರಶ್ನೆಗಳನ್ನೇ ಕೇಳಿದ್ದು ಮರೆವಿನಿಂದಲ್ಲ. ಆ ಸುತ್ತಿಗೆ ಬೇರೆ ಕೆಲಸವೇ ಗೊತ್ತಾಗಿರಲಿಲ್ಲ.

ಹೆಚ್ಚು ಸಲ ನೋಡಿದರೆ ಹೆಚ್ಚು ತಿಳಿಯುತ್ತದೆಯೇ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಇವುಗಳಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ತಾನಾಗಿ ಒದಗಿಬಂದ ಪ್ರಯೋಗ ಬಹು ಪ್ರಸಿದ್ಧ. 1979ರಲ್ಲಿ ಆ ಶಾಲೆ ಅರ್ಜಿದಾರರನ್ನು ಸಂದರ್ಶಿಸಿ, ಕ್ರಮಾಂಕ ಕೊಟ್ಟು, 150 ಮಂದಿಯನ್ನು ಆರಿಸಿಕೊಂಡಿತ್ತು. ಅಷ್ಟರಲ್ಲಿ ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ರಾಜ್ಯದ ಶಾಸನಸಭೆಯಿಂದ ಆದೇಶ ಬಂತು. ಆ ಹೊತ್ತಿಗೆ ಪಟ್ಟಿಯ ಮೇಲ್ಭಾಗದವರು ಬೇರೆ ಕಡೆ ಸೇರಿಯಾಗಿತ್ತು. ಉಳಿದವರು ಸಂದರ್ಶಕರು ಕೆಳಗೆ ಹಾಕಿದವರು. ಅವರಿಂದಲೇ 50 ಮಂದಿಯನ್ನು ತುಂಬಿಸಿಕೊಂಡರು. ವರ್ಷಗಳ ಅನಂತರ ಎರಡು ಗುಂಪುಗಳ ಪರೀಕ್ಷೆ, ರೋಗಿಗಳೊಡನೆಯ ಕೆಲಸ, ಪದವಿ ಎಲ್ಲವನ್ನೂ ಹೋಲಿಸಿ ನೋಡಿದಾಗ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. 1987ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಸಂದರ್ಶಕರು ಮೇಲಿಟ್ಟವರೂ ಕೆಳಗಿಟ್ಟವರೂ ಒಂದೇ ಬಗೆಯ ವೈದ್ಯರಾಗಿ ಹೊರಬಂದಿದ್ದರು.

2013ರಲ್ಲಿ ಜೇಸನ್ ಡೇನಾ, ರಾಬಿನ್ ಡಾಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನೂ ವಿನೋದವಾದುದು. ವಿದ್ಯಾರ್ಥಿಗಳು ಸಹವಿದ್ಯಾರ್ಥಿಗಳನ್ನು ಸಂದರ್ಶಿಸಿ ಮುಂದಿನ ಅವಧಿಯ ಅಂಕಗಳನ್ನು ಊಹಿಸಬೇಕು. ಕೆಲವು ಸಂದರ್ಶನಗಳಲ್ಲಿ ಉತ್ತರಿಸುವವರಿಗೆ ಒಂದು ಗುಟ್ಟಿನ ಸೂಚನೆ ಇತ್ತು: ಪ್ರಶ್ನೆಯ ಮಾತುಗಳು ಯಾವ ಅಕ್ಷರದಿಂದ ಆರಂಭವಾಗುತ್ತವೆಂಬುದನ್ನು ನೋಡಿ, ಅದಕ್ಕೆ ತಕ್ಕಂತೆ ಹೌದು ಅಥವಾ ಅಲ್ಲ ಎನ್ನುವುದು; ಸತ್ಯಕ್ಕೂ ಉತ್ತರಕ್ಕೂ ಸಂಬಂಧವಿಲ್ಲ. ಸಂದರ್ಶಕರು ಅದನ್ನು ಪತ್ತೆಹಚ್ಚಲಿಲ್ಲ. ಅಡ್ಡಾದಿಡ್ಡಿ ಉತ್ತರಗಳಿಂದಲೂ ಅವರು ಒಂದು ವ್ಯಕ್ತಿತ್ವವನ್ನು ನೇಯ್ದುಕೊಂಡರು, ಅದನ್ನು ನಂಬಿದರು. ಹಿಂದಿನ ಅಂಕಗಳನ್ನಷ್ಟೇ ನೋಡಿ ಮಾಡಿದ ಊಹೆಗಿಂತ ಸಂದರ್ಶಿಸಿದ ಮೇಲಿನ ಊಹೆ ಕೆಟ್ಟದಾಗಿತ್ತು. ಎದುರಿಗೆ ಕುಳಿತವರ ಮುಖ ನೋಡಿದೊಡನೆ ಎಲ್ಲ ತಿಳಿಯುತ್ತದೆ ಎನ್ನುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರ ನಂಬಿಕೆಗೆ ಇಷ್ಟು ಸೊಗಸಾದ ಪರೀಕ್ಷೆ ಬೇರೆ ಆಗಿಲ್ಲ.

ಸುತ್ತುಗಳ ಸಂಖ್ಯೆಯ ಬಗೆಗೇ ಒಂದು ಲೆಕ್ಕ ಗೂಗಲ್ ಕಂಪೆನಿಯಿಂದ ಬಂದಿದೆ. ಅಲ್ಲಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಅವರು 2015ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾರೆ. ಒಂದು ಕಾಲದಲ್ಲಿ ಒಬ್ಬ ಅಭ್ಯರ್ಥಿಯನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಸಂದರ್ಶಿಸಿದ್ದುಂಟು. ದಾಖಲೆಗಳನ್ನು ಪರಿಶೀಲಿಸಿದಾಗ, ನಾಲ್ಕು ಸಂದರ್ಶನಗಳಿಂದಲೇ ಶೇಕಡಾ 86ರಷ್ಟು ಖಚಿತವಾಗಿ ತೀರ್ಮಾನಕ್ಕೆ ಬರಬಹುದು, ಅನಂತರದ ಪ್ರತಿಯೊಂದೂ ಶೇಕಡಾ 1ರಷ್ಟನ್ನು ಮಾತ್ರ ಕೂಡಿಸುತ್ತದೆ ಎಂದು ಕಂಡುಬಂತು. ಅಲ್ಲಿಂದ ನಾಲ್ಕಕ್ಕೆ ನಿಲ್ಲಿಸುವ ನಿಯಮ ಬಂತು. ಆ ಲೆಕ್ಕ ಆ ಕಂಪೆನಿಯದು, ಎಲ್ಲ ಹುದ್ದೆಗಳಿಗೂ ಹೊಂದಬೇಕಾಗಿಲ್ಲ. ಆದರೂ ಆರಂಭದ ದರ್ಜೆಯ ಒಂದು ಹುದ್ದೆಗೆ ಆರು ಸುತ್ತು ನಡೆಸುವವರು ಅದನ್ನೊಮ್ಮೆ ನೋಡಬಹುದಾಗಿತ್ತು.

ಸಂದರ್ಶನವೇ ನಿರರ್ಥಕವೆಂದು ಇದರಿಂದ ತೀರ್ಮಾನಿಸಿದರೆ ತಪ್ಪಾದೀತು. ಡೇನಿಯಲ್ ಕಾನಮನ್ ಅವರು 1955ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇಸ್ರೇಲಿನ ಸೇನೆಯಲ್ಲಿದ್ದಾಗ ಹೊಸಬರನ್ನು ಆರಿಸುವ ಸಂದರ್ಶನವನ್ನು ತಿದ್ದುವ ಕೆಲಸ ಅವರ ಪಾಲಿಗೆ ಬಂತು. ಅವರು ಕೆಲಸಕ್ಕೆ ಸಂಬಂಧಪಟ್ಟ ಆರು ಗುಣಗಳನ್ನು ಗೊತ್ತುಮಾಡಿದರು. ಒಂದೊಂದು ಗುಣಕ್ಕೂ ಹಿಂದಿನ ಜೀವನದ ನಡೆವಳಿಕೆಯ ಬಗ್ಗೆ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟರು. ಒಂದು ಗುಣಕ್ಕೆ ಅಂಕ ಹಾಕಿ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ತಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದಾರೆಂದು ಸಂದರ್ಶಕರು ಮುನಿದಾಗ, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ, ಆ ವ್ಯಕ್ತಿಯನ್ನು ಸೈನಿಕನಾಗಿ ಕಲ್ಪಿಸಿಕೊಂಡು ಒಂದು ಒಟ್ಟಂಕ ಕೊಡಿ ಎಂದು ಅವರಿಗೂ ಅವಕಾಶ ಮಾಡಿಕೊಟ್ಟರು. ಹೊಸ ಕ್ರಮ ಹಳೆಯದಕ್ಕಿಂತ ಬಹಳ ಮೇಲಾಯಿತು. ಸೋಜಿಗವೆಂದರೆ, ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರು ಅಂಕಗಳ ಮೊತ್ತದಷ್ಟೇ ಸರಿಯಾಗಿ ಬಂತು. ಅಂತಃಪ್ರಜ್ಞೆ ಕೆಲಸಕ್ಕೆ ಬಾರದ್ದಲ್ಲ. ಅದು ಕೊನೆಯಲ್ಲಿ ಬರಬೇಕು, ಮೊದಲಲ್ಲಲ್ಲ. ಒಂದೇ ಸುತ್ತಿನಲ್ಲಿ ಆಗುವ ಕೆಲಸವಿದು. ಆದರೆ ಅದಕ್ಕೆ, ಈ ಹುದ್ದೆಗೆ ಏನು ಬೇಕು ಎಂದು ಮೊದಲು ಕುಳಿತು ಯೋಚಿಸಬೇಕು. ಆರು ಸುತ್ತು ನಡೆಸುವುದು ಅದಕ್ಕಿಂತ ಸುಲಭ.

ನಮ್ಮ ದೇಶದಲ್ಲಿ ಸಂದರ್ಶನದ ಮೇಲಿನ ಅನುಮಾನಕ್ಕೆ ಬೇರೊಂದು ಹಿನ್ನೆಲೆಯೂ ಇದೆ. ‘ವಶೀಲಿ’ ಎಂಬ ಮಾತು ಕನ್ನಡದಲ್ಲಿ ಎಷ್ಟು ಹಳೆಯದೋ ಆ ಅನುಮಾನವೂ ಅಷ್ಟು ಹಳೆಯದು. ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಅಂದಿನ ಮೈಸೂರು ರಾಜ್ಯವು ಸಂದರ್ಶನದ ಅಂಕಗಳನ್ನು ಸೇರಿಸಿದಾಗ ಅದನ್ನು ಪ್ರಶ್ನಿಸಿದ ಚಿತ್ರಲೇಖಾ ಮೊಕದ್ದಮೆ 1964ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆಯ್ಕೆಗೆ ಗಣಿಸುವ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟು ಸಂದರ್ಶನಕ್ಕಿತ್ತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ., ಆಟ ನಾಟಕ ಚರ್ಚಾಸ್ಪರ್ಧೆಗಳಂಥ ಚಟುವಟಿಕೆಗಳು ಎಂದು ಅದನ್ನು ವಿಂಗಡಿಸಲಾಗಿತ್ತು. ಬಹುಮತದ ತೀರ್ಪು ಆ ಕ್ರಮವನ್ನು ಎತ್ತಿಹಿಡಿಯಿತು. ಒಂದು ಪದ್ಧತಿಯನ್ನು ಕೆಲವರು ದುರುಪಯೋಗಪಡಿಸಿಕೊಳ್ಳಬಹುದೆಂಬ ಕಾರಣಕ್ಕೆ ಪದ್ಧತಿಯೇ ಅನೂರ್ಜಿತವಾಗುವುದಿಲ್ಲವೆಂಬುದು ಅದರ ನಿಲುವು.

ಹದಿನಾರು ವರ್ಷಗಳ ಅನಂತರ, 1980ರ ನವೆಂಬರಿನಲ್ಲಿ, ಅದೇ ನ್ಯಾಯಾಲಯ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ ಬೇರೆ ದನಿಯಲ್ಲಿ ಮಾತಾಡಿತು. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಬರವಣಿಗೆಗೆ 100, ಸಂದರ್ಶನಕ್ಕೆ 50 ಅಂಕ ಇಟ್ಟಿತ್ತು. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಮಾತ್ರ ಕೊಟ್ಟು, ತಂದೆತಾಯಿ ಯಾರು, ಮನೆ ಎಲ್ಲಿ ಎಂದು ಕೇಳಿ ಕಳುಹಿಸಿದರೆಂಬುದು ವಿದ್ಯಾರ್ಥಿಗಳ ದೂರು. ಒಟ್ಟು ಅಂಕಗಳ ಮೂರರಲ್ಲಿ ಒಂದು ಪಾಲನ್ನು ಇಂಥ ಮಾತುಕತೆಗೆ ಇಡುವುದು ಮನಸ್ವೀ ಎಂದು ನ್ಯಾಯಾಲಯ ಹೇಳಿತು. ಶೇಕಡಾ 15ನ್ನು ಮೀರುವುದು ಸರಿಯಲ್ಲವೆಂದಿತು. ಸಂದರ್ಶನವನ್ನು ಧ್ವನಿಮುದ್ರಿಸಿಕೊಳ್ಳುವುದು ಒಳ್ಳೆಯದೆಂದು ಸೂಚಿಸಿತು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ ವ್ಯಕ್ತಿತ್ವ ಪರೀಕ್ಷೆಯ ಪಾಲು 275, ಎಂದರೆ ಶೇಕಡಾ 13.6ರಷ್ಟು. ಕೇಂದ್ರ ಸರಕಾರದ ‘ಸಿ’ ಗುಂಪಿನ ಹಾಗೂ ಅದಕ್ಕೆ ಸಮೀಪದ ಕೆಳದರ್ಜೆಯ ಹುದ್ದೆಗಳಿಗಂತೂ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ.

ಈ ರಕ್ಷಣೆಯೆಲ್ಲ ಸರಕಾರದ ಬಾಗಿಲಿಗೆ ಮಾತ್ರ. ಸಮಾನತೆಯ ಹಕ್ಕನ್ನು ಸರಕಾರದ ವಿರುದ್ಧ ಹೂಡುವಂತೆ ಖಾಸಗಿ ಕಂಪೆನಿಯ ವಿರುದ್ಧ ಹೂಡಲು ಬರುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ತನ್ನ ಅಂಕ ಕೇಳಲೂ ಆಗುವುದಿಲ್ಲ. ಸುತ್ತು ಎಷ್ಟಿರಬೇಕು, ಉತ್ತರ ಎಂದು ಕೊಡಬೇಕು, ಕೊಡಲೇಬೇಕೇ ಎಂಬುದೆಲ್ಲ ಅಲ್ಲಿ ಸಂಸ್ಥೆಯ ಮರ್ಯಾದೆಗೆ ಬಿಟ್ಟ ವಿಷಯ.

ಸರಕಾರದ ಬಾಗಿಲಲ್ಲಿಯೂ ನಿಯಮ ಪಾಲನೆಯಾದ ಮಾತ್ರಕ್ಕೆ ನೋಟ ಸರಿಯಾಗಿರುತ್ತದೆಂದು ಕಾಸರಗೋಡಿನವರಿಗೆ ಹೇಳಲಾಗದು. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಸರಿಯಾಗಿ ಬಾರದ ಶಿಕ್ಷಕರು ಆಯ್ಕೆಯಾಗಿ ಬಂದು, ಮಕ್ಕಳೂ ಪಾಲಕರೂ ಶಾಲೆಯ ಮುಂದೆ ಪ್ರತಿಭಟಿಸಿದ್ದು ಇಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆದಿದೆ. ಆ ಶಿಕ್ಷಕರು ಅರ್ಹತಾಪತ್ರ, ಪರೀಕ್ಷೆ, ಪಟ್ಟಿ ಎಲ್ಲವನ್ನೂ ದಾಟಿ ಬಂದವರು. ಗಣಿತವನ್ನೋ ವಿಜ್ಞಾನವನ್ನೋ ಕನ್ನಡದಲ್ಲಿ ಹತ್ತು ನಿಮಿಷ ಪಾಠ ಮಾಡಿ ತೋರಿಸಿ ಎಂಬ ಒಂದು ಮಾತು ಆ ದಾರಿಯಲ್ಲಿ ಎಲ್ಲಿಯಾದರೂ ಬಂದಿದ್ದರೆ, ಮಕ್ಕಳು ಬಿಸಿಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಅಲ್ಲಿ ಕನ್ನಡ ಬಾರದವರನ್ನು ಕನ್ನಡ ಬಲ್ಲವರೆಂದು ಬರೆದುಕೊಂಡರು. ಮೇಲಿನ ಪ್ರಸಂಗದಲ್ಲಿ ಕನ್ನಡ ಬಲ್ಲವಳನ್ನು ಬಾರದವಳೆಂದು ಶಂಕಿಸಿದರು. ಎರಡೂ ಕಡೆ ಕೊರತೆ ಒಂದೇ: ಕೆಲಸವನ್ನು ಮಾಡಿಸಿ ನೋಡುವ ಬದಲು ಕಾಗದವನ್ನೋ ಊರಿನ ಹೆಸರನ್ನೋ ನೋಡಿದ್ದು.

ಇನ್ನು ‘ತಿಳಿಸುತ್ತೇವೆ’ ಎಂಬ ಮಾತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ತಿಂದು ಎದ್ದವರು ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದರೆ ಅದರ ಅರ್ಥ ಮನೆಯ ಅಜ್ಜಿಗೆ ಗೊತ್ತಾಗುತ್ತಿತ್ತು. ಕಚೇರಿಯ ‘ತಿಳಿಸುತ್ತೇವೆ’ಗೆ ಅಂಥ ಅಜ್ಜಿಯಿಲ್ಲ. ಅಭ್ಯರ್ಥಿ ಅದನ್ನು ನಂಬಿ ಬೇರೆ ಕಡೆಯ ಕರೆಯನ್ನು ಮುಂದೂಡುತ್ತಾಳೆ, ಫೋನನ್ನು ಕೈಯಿಂದ ಬಿಡುವುದಿಲ್ಲ. ವ್ಯಾಕರಣ ಓದಿದವರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬಹುದು. ‘ತಿಳಿಸುತ್ತೇವೆ’ ಎಂಬ ರೂಪ ವರ್ತಮಾನಕ್ಕೂ ಸಲ್ಲುತ್ತದೆ, ಭವಿಷ್ಯಕ್ಕೂ ಸಲ್ಲುತ್ತದೆ. ಅದರಲ್ಲಿ ಕಾಲದ ಗೆರೆಯೇ ಇಲ್ಲ. ಸಂದರ್ಶಕರ ಮನಸ್ಸಿನಲ್ಲಿರುವುದನ್ನು ಸರಿಯಾಗಿ ಹೇಳಲು ಕನ್ನಡದಲ್ಲಿ ಸಂಭಾವನಾರ್ಥಕ ರೂಪವೊಂದಿದೆ: ‘ತಿಳಿಸಿಯೇವು’. ಅದನ್ನು ಬಳಸುವಷ್ಟು ಪ್ರಾಮಾಣಿಕತೆ ಇಲ್ಲಿಯವರೆಗೆ ಯಾವ ಸಿಬ್ಬಂದಿ ವಿಭಾಗದಲ್ಲಿಯೂ ಕಂಡುಬಂದಿಲ್ಲ. ನಿರಾಕರಣೆಗಿಂತ ಮೌನ ಹೆಚ್ಚು ನೋಯಿಸುತ್ತದೆ. ನಿರಾಕರಣೆಗೆ ಒಂದು ದಿನಾಂಕವಿರುತ್ತದೆ, ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡಬಹುದು. ದಿನವೂ ಜನರಿಗೆ ಫೋನು ಮಾಡುವುದೇ ಉದ್ಯೋಗವಾಗಿರುವ ಸಂಸ್ಥೆಗೆ ಒಂದು ‘ಇಲ್ಲ’ವನ್ನು ತಿಳಿಸಲು ಪುರುಸೊತ್ತಿಲ್ಲವೆಂಬುದು ನಂಬತಕ್ಕ ಮಾತಲ್ಲ.

ಪ್ರಸಂಗದ ಅಭ್ಯರ್ಥಿನಿಗೆ ಮೂರು ತಿಂಗಳ ಮೇಲೆ ಅದೇ ಸಂಸ್ಥೆಯಿಂದ ಕರೆ ಬರುತ್ತದೆ. ಕನ್ನಡ ಬಲ್ಲ ಸಹಾಯಕರು ಬೇಕಾಗಿದ್ದಾರೆ, ದಾಸ್ತಾನಿನಲ್ಲಿ ನಿಮ್ಮ ಹೆಸರು ಸಿಕ್ಕಿತು, ಇದು ಮೊದಲ ಸುತ್ತು ಎಂದು ಆಚೆಯ ದನಿ ಆರಂಭಿಸುತ್ತದೆ. ಆ ದನಿಯವಳೂ ಸೇರಿ ಹೆಚ್ಚು ದಿನವಾಗಿಲ್ಲ. ಹಿಂದಿನ ಆರು ಸುತ್ತುಗಳ ಸುದ್ದಿ ಅವಳಿಗೆ ಯಾರೂ ಹೇಳಿಲ್ಲ. ಇಂಥ ಕಡೆ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಅವಳೂ ಎಷ್ಟು ಸುತ್ತು ತಿರುಗಿ ಅಲ್ಲಿಗೆ ಬಂದಿದ್ದಾಳೋ.

ಆದರೆ ಕೇಳಬೇಕಾದ್ದನ್ನು ಕೇಳಬಹುದು, ಮತ್ತು ಮೊದಲ ಕರೆಯಲ್ಲಿಯೇ ಕೇಳುವುದು ಲೇಸು. ಒಟ್ಟು ಎಷ್ಟು ಸುತ್ತು, ಒಂದೊಂದರಲ್ಲಿ ಏನನ್ನು ನೋಡುತ್ತಾರೆ, ತೀರ್ಮಾನ ಯಾರದು, ಯಾವ ದಿನದೊಳಗೆ. ಊರಿನಿಂದ ಬರಹೇಳಿದರೆ ಅದೇ ದಿನ ಉಳಿದ ಸುತ್ತುಗಳನ್ನೂ ಮುಗಿಸಲು ಸಾಧ್ಯವೇ ಎಂದು ವಿಚಾರಿಸುವುದರಲ್ಲಿ ಅವಿನಯವೇನೂ ಇಲ್ಲ. ಮನೆಪಾಠ ಕೊಟ್ಟರೆ ಅದು ಪರೀಕ್ಷೆಗೆ ಮಾಡಿದ ಮಾದರಿಯೋ, ಸಂಸ್ಥೆಯ ನಿಜವಾದ ಕೆಲಸವೋ ಎಂಬುದನ್ನು ನೋಡಿಕೊಳ್ಳಬೇಕು. ಹದಿನೈದರ ಬದಲು ಮೂರು ಹೆಸರು ಕೊಟ್ಟು, ಹುಡುಕಿದ ಬಗೆಯನ್ನು ವಿವರಿಸಿದರೆ ಸಾಮರ್ಥ್ಯ ತಿಳಿಯಲು ಅಷ್ಟು ಸಾಕು. ಇತರರ ಫೋನ್ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಲ್ಲದೆ ಕಳುಹಿಸುವುದಂತೂ ಸಲ್ಲದು. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಭದ್ರತಾ ಠೇವಣಿ ಎಂದು ಅಭ್ಯರ್ಥಿಯಿಂದಲೇ ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಸಬೇಕು. ಗಲ್ಫ್ ದೇಶಗಳಿಗೆ ಕಳುಹಿಸುವ ಏಜೆಂಟರಾದರೆ 1983ರ ವಲಸೆ ಕಾಯಿದೆಯಂತೆ ಅವರಿಗೆ ಸರಕಾರದ ನೋಂದಣಿ ಇರಲೇಬೇಕು. ನೋಂದಣಿಯ ಸಂಖ್ಯೆಯನ್ನು ಕೇಳಿ ಪಡೆದು, ಸರಿಯೇ ಎಂದು ನೋಡಿಕೊಂಡ ಮೇಲೆಯೇ ಪಾಸ್‌ಪೋರ್ಟಿನ ಮಾತು.

ಸಂದರ್ಶನದ ಅನಂತರ ಬರೆಯಬೇಕಾದ ಪತ್ರಕ್ಕೆ ಒಂದು ಮಾದರಿಯನ್ನು ಇಲ್ಲಿ ಕೊಟ್ಟಿದೆ. ಕನ್ನಡದ ಕೆಲಸಕ್ಕೆ ಅರ್ಜಿ ಹಾಕಿದವರು ಇದನ್ನು ಕನ್ನಡದಲ್ಲಿಯೇ ಬರೆದು, ಬೇಕಾದರೆ ಕೆಳಗೆ ಇಂಗ್ಲಿಷ್ ಪಾಠವನ್ನೂ ಸೇರಿಸಬಹುದು. ಭಾಷೆ ಬರುತ್ತದೆಯೇ ಎಂಬ ಪ್ರಶ್ನೆಗೆ ಪತ್ರವೇ ಉತ್ತರವಾಗುತ್ತದೆ.

‘ಮಾನ್ಯರೇ, ತಮ್ಮ ಸಂಸ್ಥೆಯ ನೇಮಕಾತಿ ಸಹಾಯಕರ ಹುದ್ದೆಗೆ ಈ ತಿಂಗಳ 12ರಂದು ನಡೆದ ಆರನೆಯ ಸುತ್ತಿನ ಸಂದರ್ಶನದಲ್ಲಿ ಭಾಗವಹಿಸಿದ್ದೆ. 14ರೊಳಗೆ ಫಲಿತಾಂಶವನ್ನು ತಿಳಿಸುವುದಾಗಿ ಅಂದು ಹೇಳಲಾಗಿತ್ತು. ಇಂದು 21. ಆಯ್ಕೆಯಾಗಿದ್ದರೆ ಸೇರಬೇಕಾದ ದಿನಾಂಕವನ್ನು, ಆಗಿಲ್ಲದಿದ್ದರೆ ಆ ವಿಷಯವನ್ನು ಈ ತಿಂಗಳ 25ರೊಳಗೆ ತಿಳಿಸಬೇಕಾಗಿ ವಿನಂತಿ. ಆ ದಿನದ ಅನಂತರ ಬೇರೆ ಅವಕಾಶವನ್ನು ಒಪ್ಪಿಕೊಳ್ಳಲಿದ್ದೇನೆ. ನನ್ನ ಕನ್ನಡದ ಬಗ್ಗೆ ಸಂದೇಹವಿದ್ದಲ್ಲಿ ಕನ್ನಡ ಬಲ್ಲ ತಮ್ಮ ಯಾವುದೇ ಸಹೋದ್ಯೋಗಿಯೊಡನೆ ಹತ್ತು ನಿಮಿಷ ಮಾತಾಡಲು ಸಿದ್ಧಳಿದ್ದೇನೆ. ನಾಲ್ಕನೆಯ ಸುತ್ತಿಗಾಗಿ ಸಿದ್ಧಪಡಿಸಿ ಕೊಟ್ಟ ಪಟ್ಟಿಯನ್ನು ನನ್ನ ಅರ್ಜಿಯ ಪರಿಶೀಲನೆಗೆ ಹೊರತು ಬೇರೆ ಯಾವುದಕ್ಕೂ ಬಳಸಬಾರದಾಗಿ ಕೋರುತ್ತೇನೆ.’